ಸುರಪುರ ಸೀಮೆಯ ಬೇಟೆನಾಯಿಗಳು ಮತ್ತು ನಿಷೇಧಿತ ಬೇಟೆಗಳು

ಕೃಷ್ಣಾ ಮತ್ತು ಭೀಮಾ ನದಿಗಳ ಆಸುಪಾಸಿನ ಸುರಪುರ, ಶಹಾಪುರ ಹಾಗೂ ಯಾದಗಿರಿ ಭಾಗಗಳಲ್ಲಿ ಬೇಡ ಸಮುದಾಯದವರು, ಕುರಿಗಾರರು ಮತ್ತು ಇತರ ಗ್ರಾಮಸ್ಥರು ಬೇಟೆ, ಕಾವಲು ಹಾಗೂ ಹಿಂಡಿನ ರಕ್ಷಣೆಗಾಗಿ ತಲೆಮಾರುಗಳಿಂದ ಸಾಕಿಕೊಂಡು ಬಂದ ನಾಯಿಗಳನ್ನು ಈ ಲೇಖನದಲ್ಲಿ ಸುರಪುರ ಸೀಮೆಯ ಬೇಟೆನಾಯಿಗಳು ಎಂದು ಕರೆಯಲಾಗಿದೆ. ಇವುಗಳ ಪೈಕಿ ನೀಳಕಾಯದ ಓಟದ ನಾಯಿ ಇಂದು ಮುಧೋಳ ನಾಯಿ ಎಂಬ ಹೆಸರಿನಿಂದ ದೇಶದಾದ್ಯಂತ ಪ್ರಸಿದ್ಧವಾಗಿದೆ. ಆದರೆ ಈ ನಾಯಿಯ ಮೈಕಟ್ಟು ಯಾವ ಕೆಲಸದಿಂದ ರೂಪುಗೊಂಡಿತೋ ಆ ಕೆಲಸ, ಅಂದರೆ ನಾಯಿ ಬಿಟ್ಟು ಕಾಡುಪ್ರಾಣಿಯನ್ನು ಅಟ್ಟಿ ಹಿಡಿಯುವುದು, ಭಾರತದಲ್ಲಿ ಈಗ ಶಿಕ್ಷಾರ್ಹ ಅಪರಾಧ. ತಳಿಗೆ ರಾಜಮನ್ನಣೆ, ಬೇಟೆಗೆ ನಿಷೇಧ ಎಂಬ ಈ ಎರಡು ಬೆಳವಣಿಗೆಗಳು ಸುಮಾರು ಒಂದೇ ಶತಮಾನದಲ್ಲಿ ನಡೆದವು.

ಶಾಸನ ಮತ್ತು ಗ್ರಂಥಗಳಲ್ಲಿ

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಅತ್ಯಂತ ಪ್ರಸಿದ್ಧ ಲಿಖಿತ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನ. ಕ್ರಿ.ಶ. 949-50ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗನ ಕಾಲಕ್ಕೆ ಸೇರಿದೆ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬೇರೇನನ್ನೂ ಬೇಡದೆ ‘ಕಾಳಿ’ ಎಂಬ ನಾಯಿಯನ್ನು ಬೂತುಗನಿಂದ ಕೇಳಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರನು ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಲಾಗಿದೆ. ಈ ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರರಿಗಾಗಿ ನಿಲ್ಲಿಸುವ ಕಲ್ಲನ್ನು ನಾಯಿಗಾಗಿ ನಿಲ್ಲಿಸಿದ ಈ ಉದಾಹರಣೆಯನ್ನು ವಿದ್ಯಾರ್ಥಿಗಳು ಯುದ್ಧದ ಇಸವಿಗಾಗಿ ಮಾತ್ರ ಓದಿ ಮುಂದೆ ಸಾಗುವುದುಂಟು. ಪ್ರಾಣಿ ಇತಿಹಾಸದ ದೃಷ್ಟಿಯಿಂದಲೂ ಅದು ಬೆಲೆಯುಳ್ಳ ದಾಖಲೆ.

ಸುರಪುರ ಸೀಮೆಗೆ ಸಮೀಪದ ಸಾಹಿತ್ಯಕ ಆಧಾರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅರಸನ ಇಪ್ಪತ್ತು ವಿನೋದಗಳನ್ನು ವಿವರಿಸುವ ಅದರ ಭಾಗದಲ್ಲಿ ಕುಕ್ಕುಟ (ಹುಂಜ), ಲಾವಕ (ಬುರ್ಲಿ ಹಕ್ಕಿ), ಮೇಷ (ಟಗರು) ಮತ್ತು ಮಹಿಷ (ಕೋಣ) ವಿನೋದಗಳು ಬರುತ್ತವೆ. ಸಾರಮೇಯ ವಿನೋದ ಎಂಬ ಪ್ರಕರಣ ನಾಯಿಗಳಿಗೇ ಮೀಸಲು. ಮೃಗಯಾ, ಅಂದರೆ ಬೇಟೆ, ಮತ್ತೊಂದು ಪ್ರತ್ಯೇಕ ವಿನೋದ. ಇಂದಿನ ಕಾನೂನು ನಿಷೇಧಿಸಿರುವ ಬಹುತೇಕ ಪ್ರಾಣಿಕಾಳಗಗಳು ಹನ್ನೆರಡನೆಯ ಶತಮಾನದ ರಾಜಸಭೆಯಲ್ಲಿ ಗೌರವದ ವಿದ್ಯೆಗಳಾಗಿದ್ದವು. ಇವನ್ನು ಕೇವಲ ‘ಹಳ್ಳಿಗರ ಕ್ರೂರ ಆಟಗಳು’ ಎಂದು ಬಗೆಯುವುದು ಸರಿಯಲ್ಲ.

ಇದಕ್ಕೆ ಎದುರಾದ ಧ್ವನಿಯೂ ಇದೇ ನೆಲದಿಂದ ಬಂದಿದೆ. ಸುರಪುರ ಸೀಮೆಯ ಮುದನೂರಿನವನಾದ ವಚನಕಾರ ಜೇಡರ ದಾಸಿಮಯ್ಯನು ಬೇಟೆ ಮತ್ತು ಮಾಂಸಾಹಾರದಿಂದ ಬದುಕುತ್ತಿದ್ದ ಕಾಡುಜನರಿಗೆ ಅಹಿಂಸೆಯನ್ನು ಬೋಧಿಸಿ, ಗಾಣದಿಂದ ಎಣ್ಣೆ ತೆಗೆಯುವ ಕಸುಬನ್ನು ಕಲಿಸಿದನೆಂಬ ಐತಿಹ್ಯವಿದೆ. ಐತಿಹ್ಯವನ್ನು ಇತಿಹಾಸವೆಂದು ಹೇಳಲಾಗದು. ಆದರೆ ಬೇಟೆಯನ್ನು ಬಿಡಿಸುವವನು ಬದಲಿ ಜೀವನೋಪಾಯವನ್ನೂ ಕೊಡಬೇಕೆಂಬ ವಿವೇಕ ಆ ಕಥೆಯಲ್ಲಿದೆ. ಮುಂದಿನ ಕಾಲದ ಶಾಸನಕರ್ತರಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಸುರಪುರದ ಬೇಡರು

‘ಬೇಟೆ’, ಹಳಗನ್ನಡದ ‘ಬೇಂಟೆ’ ಮತ್ತು ‘ಬೇಡ’ ಪದಗಳು ಒಂದೇ ಮೂಲದವು. ಆದರೂ ಬೇಡ ಅಥವಾ ನಾಯಕ ಸಮುದಾಯವನ್ನು ಬೇಟೆಗಾರರೆಂದಷ್ಟೇ ಗುರುತಿಸುವುದು ಅಪೂರ್ಣ. ಅವರು ಸೈನಿಕರು, ಕೋಟೆಯ ರಕ್ಷಕರು ಮತ್ತು ಆಳಿದವರು. ಔರಂಗಜೇಬನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಇದೇ ಸೀಮೆಯ ವಾಗಿನಗೇರಾ ಕೋಟೆಯ ಮೇಲೆ, ಬೇಡ ನಾಯಕ ಪಿಡ್ಡನಾಯಕನ ವಿರುದ್ಧ ನಡೆಯಿತು. ಕುರುಚಲು ಕಾಡು, ಬಂಡೆ ಮತ್ತು ಹಳ್ಳಕೊಳ್ಳಗಳ ಅಂಗುಲಂಗುಲವನ್ನು ಬಲ್ಲ ಜನರಿಗೆ ಬೇಟೆಯೇ ಯುದ್ಧದ ಪಾಠಶಾಲೆಯೂ ಆಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಸ್ಥಾನದ ಸ್ವಾತಂತ್ರ್ಯ ಕೊನೆಗೊಂಡಿತು. 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಾಲಕ ರಾಜಾ ವೆಂಕಟಪ್ಪ ನಾಯಕನ ಪಾಲನೆಯ ಹೊಣೆ ಹೊತ್ತು ಆಡಳಿತ ನಡೆಸಿದನು. 1858ರ ಬಂಡಾಯ ಮತ್ತು ರಾಜನ ಮರಣದ ಬಳಿಕ ಸಂಸ್ಥಾನವು ಬ್ರಿಟಿಷರ ವಶವಾಯಿತು. 1860ರ ಒಪ್ಪಂದದಂತೆ ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಸೇರಿತು. ಅರಸೊತ್ತಿಗೆಯೊಡನೆ ಸೈನಿಕ ವೃತ್ತಿಯೂ ಹೋಯಿತು.

ಇದೇ ಕಾಲದಲ್ಲಿ ಪಶ್ಚಿಮಕ್ಕೆ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದ ಬಂಡಾಯವನ್ನು ಇಲ್ಲಿ ನೆನೆಯಬೇಕು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲು ಅಲ್ಲಿನ ಬೇಡರು ನಿರಾಕರಿಸಿದರು. ಬ್ರಿಟಿಷ್ ಸೈನ್ಯ ಊರನ್ನು ಸುಟ್ಟಿತು, ಬಂಡಾಯಗಾರರನ್ನು ಗಲ್ಲಿಗೇರಿಸಲಾಯಿತು. ಲಾವಣಿಯ ಮೂಲಕ ಉಳಿದು, ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಬಂದ ಈ ಘಟನೆಯನ್ನು ಸಾಮಾನ್ಯವಾಗಿ ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಬೋಧಿಸಲಾಗುತ್ತದೆ. ಅದು ನಿಜ. ಜೊತೆಗೆ, ಆ ಆಯುಧಗಳು ಹಲಗಲಿಯವರಿಗೆ ಅನ್ನದ ಸಾಧನವೂ ಆಗಿದ್ದವು. ಕೋವಿಗೆ ಪರವಾನಗಿ ಬೇಕಾದ ಕಾಲದಲ್ಲಿ ಬಡ ಬೇಟೆಗಾರನ ಕೈಯಲ್ಲಿ ಪರವಾನಗಿಯಿಲ್ಲದೆ ಉಳಿಯಬಹುದಾದ ಸಾಧನಗಳು ಬಲೆ, ದೊಣ್ಣೆ ಮತ್ತು ನಾಯಿ.

ನಾಯಿಗಳು ಮತ್ತು ಅವುಗಳ ಕೆಲಸ

ಈ ಭಾಗದ ಬೇಟೆಯಲ್ಲಿ ಎರಡು ಬಗೆಯ ನಾಯಿಗಳು ಕಂಡುಬರುತ್ತವೆ.

ಮೊದಲನೆಯದು ನೋಟದ ಬಲದಿಂದ ಅಟ್ಟಿ ಹಿಡಿಯುವ ಓಟದ ನಾಯಿ. ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ, ನೀಳ ಕಾಲು, ತೆಳುಚರ್ಮ ಇದರ ಲಕ್ಷಣಗಳು. ಬಯಲುಸೀಮೆಯ ತೆರೆದ ಭೂಮಿಗೆ ಈ ಮೈಕಟ್ಟು ಹೇಳಿಮಾಡಿಸಿದಂತಿದೆ. ಹಿಂಗಾರಿ ಬೆಳೆ ಕಟಾವಾದ ಎರೆಹೊಲದಲ್ಲಿ ಎದ್ದೋಡುವ ಮೊಲವನ್ನು ಮೂಸಿ ಹುಡುಕುವ ಅಗತ್ಯವಿಲ್ಲ. ಕಂಡದ್ದನ್ನು ಕಣ್ಣು ತಪ್ಪಿಸದೆ ಬೆನ್ನಟ್ಟಬೇಕು. ದೂರದವರೆಗೆ ಬೇಗ ಓಡಬಲ್ಲ ಈ ನಾಯಿ ಮೊಲ, ನರಿ ಮತ್ತು ಚಿಗರಿ, ಅಂದರೆ ಕೃಷ್ಣಮೃಗದ ಬೇಟೆಗೆ ಬಳಕೆಯಾಗುತ್ತಿತ್ತು.

ಎರಡನೆಯದು ಯಾವ ತಳಿಪಟ್ಟಿಯಲ್ಲಿಯೂ ಸೇರದ ಊರನಾಯಿ. ಪೊದೆ ನುಗ್ಗುವುದು, ಬಿಲದ ಬಾಯಲ್ಲಿ ನಿಂತು ಬೊಗಳಿ ಸುಳಿವು ಕೊಡುವುದು, ಮಣ್ಣು ಕೆದರುವುದು, ಹಂದಿಯನ್ನು ಸುತ್ತುವರಿದು ತಡೆಯುವುದು ಇದರ ಕೆಲಸ. ಉಡ, ಮುಳ್ಳುಹಂದಿ ಮೊದಲಾದ ಬಿಲವಾಸಿಗಳ ಬೇಟೆಯಲ್ಲಿ ನಾಯಿ ಜಾಗವನ್ನು ತೋರಿಸುತ್ತದೆ. ಅಗೆಯುವುದು, ಹೊಗೆ ಹಾಕುವುದು, ಬಲೆ ಒಡ್ಡುವುದು ಮನುಷ್ಯನ ಪಾಲು. ಯುರೋಪಿನಲ್ಲಿ ಟೆರಿಯರ್ ನಾಯಿಗಳು ಮಾಡುತ್ತಿದ್ದ ಕೆಲಸಕ್ಕೆ ನಮ್ಮಲ್ಲಿ ಸಮೀಪವಾದದ್ದು ಇದು. ಓಟದ ನಾಯಿಗೆ ಅಂಚೆಚೀಟಿಯ ಗೌರವ ಸಿಕ್ಕಿದೆ. ಈ ಎರಡನೆಯ ನಾಯಿಗೆ ‘ಕಂತ್ರಿ’ ಎಂಬ ಬೈಗುಳವಷ್ಟೇ ಉಳಿದಿದೆ.

ಬೇಟೆಯಷ್ಟೇ ಮುಖ್ಯವಾದ ಮತ್ತೊಂದು ಕೆಲಸ ಕುರಿಹಟ್ಟಿಯ ಕಾವಲು. ಮಳೆ ಮತ್ತು ಮೇವನ್ನು ಅನುಸರಿಸಿ ಅಲೆಯುವ ಕುರಿಗಾರರಿಗೆ ತೋಳ ನಿತ್ಯದ ಭಯ. ರಾತ್ರಿ ಹೊಲದಲ್ಲಿ ಹಿಂಡು ತರುಬಿದಾಗ ನಾಯಿಯೇ ಎಚ್ಚರ. ಬೇಟೆ ನಿಂತ ಮೇಲೂ ಈ ಕೆಲಸ ನಿಂತಿಲ್ಲ.

ಹಬ್ಬದ ಬೇಟೆ ಮತ್ತು ಮೈಲಾರನ ನಾಯಿ

ಕಲ್ಯಾಣ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಯುಗಾದಿಯ ಆಸುಪಾಸಿನಲ್ಲಿ ಊರ ಗಂಡಸರು ಗುಂಪಾಗಿ ನಾಯಿ, ಬಲೆ, ದೊಣ್ಣೆಗಳೊಡನೆ ಬೇಟೆಗೆ ಹೋಗುವ ಪದ್ಧತಿಯಿತ್ತು. ಸಿಕ್ಕ ಪ್ರಾಣಿಯನ್ನು ಕೋಲಿಗೆ ಕಟ್ಟಿ ಮೆರವಣಿಗೆಯಲ್ಲಿ ತಂದು ಹಂಚಿಕೊಳ್ಳುತ್ತಿದ್ದರು. ಹೊಟ್ಟೆಗಾಗಿ ಒಬ್ಬಂಟಿಯಾಗಿ ಮಾಡುವ ಬೇಟೆಗಿಂತ ಇದು ಭಿನ್ನ. ಇಲ್ಲಿ ಮಾಂಸಕ್ಕಿಂತ ಊರಿನ ಒಗ್ಗಟ್ಟು, ಗಂಡಸುತನದ ಪ್ರದರ್ಶನ ಮತ್ತು ವರ್ಷದ ಶಕುನ ಮುಖ್ಯ. ಆದ್ದರಿಂದಲೇ ಕಾನೂನು ಬಂದ ಮೇಲೂ ಇದು ಪೂರ್ಣವಾಗಿ ನಿಂತಿಲ್ಲ. 2025ರ ಯುಗಾದಿಯ ವೇಳೆ ನೆರೆಯ ರಾಯಚೂರು ಜಿಲ್ಲೆಯಲ್ಲಿ ಬೇಟೆಯಾಡಿದ ಪ್ರಾಣಿಗಳ ಮೆರವಣಿಗೆ ನಡೆದು, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು.

ನಾಯಿಗೆ ಧಾರ್ಮಿಕ ಸ್ಥಾನ ದೊರೆತಿರುವುದು ಮೈಲಾರಲಿಂಗನ ಪರಂಪರೆಯಲ್ಲಿ. ಕುದುರೆಯೇರಿ ನಾಯಿಯೊಡನೆ ಸಾಗುವ ಮೈಲಾರನು ಬೇಟೆಗಾರನ ರೂಪದ ದೈವ. ಅವನ ಭಕ್ತರಾದ ಗೊರವರು ತಮ್ಮನ್ನು ಮೈಲಾರನ ನಾಯಿಗಳೆಂದು ಕರೆದುಕೊಳ್ಳುತ್ತಾರೆ. ಆಚರಣೆಯ ವೇಳೆ ನಾಯಿಯಂತೆ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಯ ಪ್ರಸಾದವನ್ನು ಬಾಯಿಯಿಂದಲೇ ಉಣ್ಣುತ್ತಾರೆ. ಆತಕೂರಿನ ನಾಯಿಗಲ್ಲಿನ ಪೂಜೆಯನ್ನೂ ಗೊರವನಿಗೇ ವಹಿಸಲಾಗಿತ್ತು ಎಂಬುದು ಗಮನಾರ್ಹ. ಶಾಸನದಲ್ಲಿ ಆ ಪದಕ್ಕೆ ಶೈವ ಪೂಜಾರಿ ಎಂಬ ಅರ್ಥ.

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಯಂದು ನಡೆಯುವ ಮೈಲಾರಲಿಂಗೇಶ್ವರ ಜಾತ್ರೆ ಈ ಭಾಗದ ದೊಡ್ಡ ಜಾತ್ರೆಗಳಲ್ಲೊಂದು. ಇಲ್ಲಿ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿಗಳನ್ನು ಎಸೆಯುವ ಹರಕೆಯಿತ್ತು. ಜಿಲ್ಲಾಡಳಿತ ಇದನ್ನು ನಿಷೇಧಿಸಿದೆ. ಜಾತ್ರೆಯ ದಿನಗಳಲ್ಲಿ ದಾರಿಗಳಲ್ಲಿ ತಪಾಸಣೆ ನಡೆಸಿ ಕುರಿಮರಿಗಳನ್ನು ವಶಪಡಿಸಿಕೊಳ್ಳಲಾಗುತ್ತದೆ. ಇದು ಬೇಟೆಯಲ್ಲ, ಕಾಳಗವೂ ಅಲ್ಲ. ಆದರೆ ಪ್ರಾಣಿಹಿಂಸೆಯ ಆಚರಣೆಯೊಂದನ್ನು ಆಡಳಿತ ಮತ್ತು ಭಕ್ತರು ಎದುರುಬದುರಾಗಿ ನಿಭಾಯಿಸುತ್ತಿರುವ ಜಿಲ್ಲೆಯ ಅತ್ಯಂತ ಸ್ಪಷ್ಟ ಉದಾಹರಣೆ.

ಮುಧೋಳದ ಅರಮನೆಯಿಂದ ಸೇನೆಯವರೆಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಗಮನಿಸಿ, ಅರಮನೆಯಲ್ಲಿ ಅವುಗಳ ತಳಿ ಅಭಿವೃದ್ಧಿಗೆ ತೊಡಗಿದರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದರೆಂದೂ ಆಗ ‘ಮುಧೋಳದ ನಾಯಿ’ ಎಂಬ ಹೆಸರು ಬಿದ್ದಿತೆಂದೂ ಹೇಳಲಾಗುತ್ತದೆ. ಘೋರ್ಪಡೆ ಎಂಬ ಮನೆತನದ ಹೆಸರು ಉಡಕ್ಕೆ ಮರಾಠಿಯಲ್ಲಿರುವ ‘ಘೋರ್ಪಡ’ ಎಂಬ ಪದದಿಂದ ಬಂದದ್ದು; ಉಡದ ಸಹಾಯದಿಂದ ಕೋಟೆಯ ಗೋಡೆ ಹತ್ತಿದ ಪೂರ್ವಜನ ಕಥೆ ಅದರ ಹಿಂದಿದೆ.

ಹೆಸರು ಅರಮನೆಯದಾಯಿತು, ನಾಯಿ ಬೇಡರದು. ಈ ಅಂತರ ಬಹುತೇಕ ಲೇಖನಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ರಾಜರು ಆರಿಸಿದರು, ದಾಖಲಿಸಿದರು, ಪ್ರಚಾರ ನೀಡಿದರು. ಅದು ದೊಡ್ಡ ಕೆಲಸವೇ. ಆದರೆ ಆರಿಸಿಕೊಳ್ಳಲು ಯೋಗ್ಯವಾದ ನಾಯಿಯೊಂದು ಅವರ ಕಣ್ಣಿಗೆ ಬೀಳುವ ಹೊತ್ತಿಗೆ, ಓಡಲಾರದ ಮರಿಗಳನ್ನು ಬಿಟ್ಟು ಓಡಬಲ್ಲವನ್ನು ಉಳಿಸಿಕೊಂಡ ಅನಾಮಿಕ ಬೇಟೆಗಾರರ ಹಲವು ತಲೆಮಾರುಗಳ ಆಯ್ಕೆ ನಡೆದುಹೋಗಿತ್ತು.

ಕೆನೆಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ‘ಕಾರವಾನ್ ಹೌಂಡ್’ ಎಂಬ ಹೆಸರಿನಲ್ಲಿಯೂ ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ ‘ಮುಧೋಳ ಹೌಂಡ್’ ಎಂಬ ಹೆಸರಿನಲ್ಲಿಯೂ ಮಾನ್ಯ ಮಾಡಿವೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಹಿಮಾಲಯದ ಕುರಿನಾಯಿ, ರಾಂಪುರ ಮತ್ತು ರಾಜಪಾಳಯಂ ನಾಯಿಗಳೊಡನೆ ಮುಧೋಳ ನಾಯಿಯೂ ಸೇರಿತ್ತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಇಲ್ಲಿನ ಮರಿಗಳನ್ನು ಭಾರತೀಯ ಸೇನೆ ತರಬೇತಿಗಾಗಿ ಮೀರತ್‌ಗೆ ಒಯ್ದಿತು. 2020ರ ಆಗಸ್ಟ್‌ನ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಧಾನಮಂತ್ರಿಯವರು ದೇಶೀ ತಳಿಗಳನ್ನು ಸಾಕುವಂತೆ ಕರೆ ನೀಡಿ ಇದರ ಹೆಸರನ್ನು ಪ್ರಸ್ತಾಪಿಸಿದ ಬಳಿಕ ಮರಿಗಳಿಗೆ ಬೇಡಿಕೆ ಹೆಚ್ಚಿತು.

ಕಾನೂನು

ಭಾರತದಲ್ಲಿ ಎರಡು ಪ್ರತ್ಯೇಕ ಕಾನೂನುಗಳು ಈ ವಿಷಯಕ್ಕೆ ಅನ್ವಯಿಸುತ್ತವೆ. ಇವೆರಡನ್ನು ಒಂದೆಂದು ತಿಳಿಯುವ ಗೊಂದಲ ಸಾಮಾನ್ಯ.

ಸಾಕುಪ್ರಾಣಿಗಳ ಕಾಳಗಕ್ಕೆ ಅನ್ವಯವಾಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಇದರ 11ನೆಯ ಕಲಮಿನಂತೆ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಛೂ ಬಿಡುವುದೂ ಪ್ರಾಣಿಕಾಳಗಕ್ಕೆ ಸ್ಥಳ ಒದಗಿಸುವುದೂ ಅಪರಾಧ. ಟಗರು ಕಾಳಗ, ಕೋಳಿ ಅಂಕ, ನಾಯಿ ಕಾಳಗಗಳು ಇದರಡಿ ಬರುತ್ತವೆ. ಮೊದಲ ಅಪರಾಧಕ್ಕೆ ಕಾಯ್ದೆ ವಿಧಿಸುವ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ಒಂದು ಮೊತ್ತವೇ ಇದ್ದೀತು. ಗೆದ್ದ ಟಗರಿನ ಮೇಲೆ ಸಾವಿರಾರು ರೂಪಾಯಿ ಪಣ ಕಟ್ಟುವವನಿಗೆ ಈಗ ಅದು ಚಹಾದ ಖರ್ಚು. ಪಣ ಕಟ್ಟಿದ್ದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಮುಗಳೂ ಅನ್ವಯಿಸುತ್ತವೆ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಪ್ರಕರಣದಲ್ಲಿ ನೀಡಿದ ತೀರ್ಪಿನ ಬಳಿಕ ಕರ್ನಾಟಕವು 1960ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಿತು. 2023ರ ಮೇ 18ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕಂಬಳ ಮತ್ತು ಎತ್ತಿನ ಓಟಗಳಿಗೆ ಸೀಮಿತ. ಟಗರು, ಕೋಳಿ, ನಾಯಿಗಳ ಕಾಳಗಕ್ಕೆ ಅದರಿಂದ ಯಾವ ಅನುಮತಿಯೂ ದೊರೆತಿಲ್ಲ.

ಕಾಡುಪ್ರಾಣಿಗಳ ಬೇಟೆಗೆ ಅನ್ವಯವಾಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ನಾಯಿ ಬಿಟ್ಟು ಅಟ್ಟುವುದು, ಉರುಲು ಅಥವಾ ಬಲೆ ಒಡ್ಡುವುದು, ಸೋವುವುದು ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. ಹೀಗಾಗಿ ‘ಮೊಲ ಸಿಗಲೇ ಇಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ ದಂಡವನ್ನು ಹೆಚ್ಚಿಸಿತು. ಕೃಷ್ಣಮೃಗ ಮತ್ತು ಉಡ ಮೊದಲನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಬೆಳೆಹಾನಿ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ 11ನೆಯ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿಗೆ ಅವಕಾಶವಿದೆ. ರೈತನು ತಾನಾಗಿ ನಾಯಿ ಬಿಡುವುದಕ್ಕೆ ಇಲ್ಲ.

ಬೇಟೆಗೆ ಪೂರ್ಣ ನಿಷೇಧ ಬಂದ 1991ರಲ್ಲಿಯೇ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ನಾಯಕ ಪದದ ಪರ್ಯಾಯಗಳಾಗಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಎರಡೂ ಬೇರೆ ಬೇರೆ ನಿರ್ಧಾರಗಳು. ಆದರೂ ಒಂದು ಹೆಸರಿನ ಮೂಲ ಕಸುಬು ಅಳಿದ ವರ್ಷವೇ ಆ ಹೆಸರಿಗೆ ಸಂವಿಧಾನಾತ್ಮಕ ಮನ್ನಣೆ ದೊರೆತದ್ದು ಕುತೂಹಲದ ಸಂಗತಿ. 2006ರ ಅರಣ್ಯ ಹಕ್ಕುಗಳ ಕಾಯ್ದೆಯೂ ಅರಣ್ಯವಾಸಿಗಳ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡುವಾಗ ಬೇಟೆ ಮತ್ತು ಬಲೆ ಹಾಕುವ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

ಇಂಗ್ಲೆಂಡಿನ ಟೆರಿಯರ್‌ಗಳೊಡನೆ ಹೋಲಿಕೆ

ಟೆರಿಯರ್ ಎಂಬ ಹೆಸರು ಭೂಮಿ ಎಂಬರ್ಥದ ಲ್ಯಾಟಿನ್ ಪದ ‘ಟೆರಾ’ದಿಂದ ಬಂದಿದೆ. ನೆಲದೊಳಗಿನ ಬಿಲವನ್ನು ಹೊಕ್ಕು ನರಿ, ಬ್ಯಾಜರ್ ಮೊದಲಾದವನ್ನು ಹೊರಗಟ್ಟುವ ಗಿಡ್ಡ ನಾಯಿಗಳಿವು. ಇವುಗಳಲ್ಲಿ ಒಂದು ತಳಿಗೆ ಅದನ್ನು ಬೆಳೆಸಿದ ಪಾದ್ರಿ ಜಾನ್ ರಸೆಲ್‌ನ (1795-1883) ಹೆಸರಿದೆ. ಬ್ರಿಟನ್ನಿನಲ್ಲಿ 1835ರ ಕಾಯ್ದೆ ಗೂಳಿ, ಕರಡಿಗಳ ಮೇಲೆ ನಾಯಿ ಬಿಡುವ ಆಟಗಳನ್ನೂ ನಾಯಿ ಮತ್ತು ಹುಂಜದ ಕಾಳಗಗಳನ್ನೂ ನಿಷೇಧಿಸಿತು. ಇವು ಹೆಚ್ಚಾಗಿ ಬಡವರ ವಿನೋದಗಳು. ಸಿರಿವಂತರ ನರಿಬೇಟೆಗೆ ನಿಷೇಧ ಬಂದದ್ದು 2004ರ ಕಾಯ್ದೆಯಿಂದ. ನಡುವೆ 169 ವರ್ಷಗಳ ಅಂತರ. ಆ ಕಾಯ್ದೆಯಲ್ಲಿಯೂ, ಕೋವಿಬೇಟೆಗಾಗಿ ಸಾಕಿದ ಹಕ್ಕಿಗಳ ರಕ್ಷಣೆಗೆ ಒಂದೇ ಒಂದು ಟೆರಿಯರನ್ನು ಷರತ್ತಿನೊಡನೆ ಬಿಲಕ್ಕಿಳಿಸಲು ವಿನಾಯಿತಿ ಉಳಿದಿದೆ. ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳು ದಂಡುಪ್ರದೇಶಗಳಲ್ಲಿ ಟೆರಿಯರ್ ಮತ್ತು ಇತರ ನಾಯಿಗಳ ಮಿಶ್ರ ಗುಂಪು ಕಟ್ಟಿ, ತಮ್ಮ ನಾಡಿನ ನರಿಗೆ ಬದಲಾಗಿ ಇಲ್ಲಿನ ಗುಳ್ಳೆನರಿಯನ್ನು ಬೆನ್ನಟ್ಟುತ್ತಿದ್ದರು. ಬೇಡರ ಬೇಟೆ ಅವರ ಕಣ್ಣಿಗೆ ಕಾಡುತನವಾಗಿಯೂ ತಮ್ಮ ಬೇಟೆ ಕ್ರೀಡೆಯಾಗಿಯೂ ಕಂಡಿತು.

ಬದಲಾದ ನೆಲ

ಬೇಟೆಯನ್ನು ನಿಲ್ಲಿಸಿದ್ದು ಕಾನೂನು ಮಾತ್ರವಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು (ಬಸವಸಾಗರ) 1982ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳ ಮೂಲಕ ಸುರಪುರ, ಶಹಾಪುರ ಭಾಗಕ್ಕೆ ನೀರು ಹರಿಯಿತು. ಈ ಅಚ್ಚುಕಟ್ಟಿನ ಆಡಳಿತ ಕೇಂದ್ರವಾಗಿ ಬೆಳೆದ ಊರೇ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವೂ ಇಲ್ಲಿದೆ. ಜೋಳ, ಸಜ್ಜೆಯ ಒಣಹೊಲಗಳ ಜಾಗದಲ್ಲಿ ಭತ್ತ ಮತ್ತು ಹತ್ತಿ ಬಂದವು. ಕೆಸರುಗದ್ದೆಯಲ್ಲಿ ಓಟದ ನಾಯಿ ಓಡಲಾರದು. ಕಾಲುವೆ ಮತ್ತು ಬದುಗಳಿಂದ ತುಂಡಾದ ಬಯಲಿನಲ್ಲಿ ಚಿಗರಿಯೂ ನಿಲ್ಲದು. ಕುರುಚಲು ಗುಡ್ಡಗಳ ಅಂಚಿನಲ್ಲಿ ಉಳಿದ ಕಾಡುಹಂದಿಗಳು ಮಾತ್ರ ನೀರಾವರಿ ಬೆಳೆಗೆ ಹೊಂದಿಕೊಂಡವು. ಸುರಪುರ ಸಮೀಪದ ಬೋನಾಳ ಕೆರೆ ಈಗ ಪಕ್ಷಿಧಾಮ.

ಓಟದ ನಾಯಿಯನ್ನು ಇಂದು ಈ ಭಾಗದಲ್ಲಿ ಸಾಕುವವರು ಹೆಚ್ಚಾಗಿ ತೋಟದ ಕಾವಲಿಗೆ, ಕುರಿಹಟ್ಟಿಗೆ ಅಥವಾ ಮರಿಗಳ ಮಾರಾಟಕ್ಕೆ ಸಾಕುತ್ತಾರೆ. ನಾಯಿಯನ್ನು ಸಾಕುವುದು, ಮಾರುವುದು, ಪ್ರದರ್ಶನಕ್ಕೆ ಒಯ್ಯುವುದು ಯಾವುದೂ ಅಪರಾಧವಲ್ಲ. ಅದನ್ನು ಕಾಡುಪ್ರಾಣಿಯ ಮೇಲೆ ಬಿಟ್ಟಾಗ ಮಾತ್ರ 1972ರ ಕಾಯ್ದೆ ಅನ್ವಯಿಸುತ್ತದೆ. ಮೈದಾನವಿಲ್ಲದ ನಗರದ ಮನೆಗಳಿಗೆ ಕೊಂಡೊಯ್ದ ಮರಿಗಳು ದಿನವೂ ಓಡಲು ಜಾಗ ಸಿಗದಿದ್ದರೆ ಚಡಪಡಿಸುತ್ತವೆ, ಸಾಮಾನುಗಳನ್ನು ಕಚ್ಚಿ ಹಾಳುಮಾಡುತ್ತವೆ. ಕೊಳ್ಳುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.